ಫ್ಲಟರ್ ಟೈಮ್ ಪಿಕರ್: 15 ನಿಮಿಷದ ಅಂತರ, ನಡುವೆ ಊಟದ ಬಿಡುವು ಕೂರಿಸೋದು ಹೇಗೆ?

ಪ್ರಶ್ನೆ: ಹಲ್ಲಿನ ಕ್ಲಿನಿಕ್ ಒಂದಕ್ಕೆ ಫ್ಲಟರ್‌ನಲ್ಲಿ (ಆ್ಯಪ್ ಕಟ್ಟುವ ಗೂಗಲ್‌ನ ಸಾಧನ) ಅಪಾಯಿಂಟ್‌ಮೆಂಟ್ ಆ್ಯಪ್ ಮಾಡ್ತಿದ್ದೇನೆ. ಬೆಳಿಗ್ಗೆ 9:30ರಿಂದ 1, ಸಂಜೆ 4ರಿಂದ 7:30, ಒಬ್ಬೊಬ್ಬರಿಗೆ 15 ನಿಮಿಷ. ಸಮಯ ಆರಿಸುವ ಪೆಟ್ಟಿಗೆ ತೆರೆಯುವ ‘ಶೋ ಟೈಮ್ ಪಿಕರ್’ ಕರೆದರೆ ಬರುವ ಗಡಿಯಾರದಲ್ಲಿ 10:07 ಕೂಡ ಆರಿಸಬಹುದು, ಮಧ್ಯಾಹ್ನ 2 ಕೂಡ. ಬಣ್ಣವೂ ನಮ್ಮ ಆ್ಯಪ್‌ನ ಹಸಿರಿಗೆ ಹೊಂದ್ತಿಲ್ಲ. ದಾರಿ ಹೇಳಿ ಸರ್.

ಉತ್ತರ: ಬಣ್ಣದ್ದು ಸುಲಭ, ಅದನ್ನು ಮೊದಲು ಮುಗಿಸೋಣ. ಆ್ಯಪ್‌ನ ಥೀಮ್ ಡೇಟಾದಲ್ಲಿ (ಇಡೀ ಆ್ಯಪ್‌ನ ಬಣ್ಣ, ಅಕ್ಷರದ ಸೆಟ್ಟಿಂಗ್) ‘ಟೈಮ್ ಪಿಕರ್ ಥೀಮ್’ ಅಂತ ಜಾಗ ಇದೆ. ಅಲ್ಲಿ ಡಯಲ್ ಹ್ಯಾಂಡ್ ಕಲರ್, ಡಯಲ್ ಬ್ಯಾಕ್‌ಗ್ರೌಂಡ್ ಕಲರ್, ಅವರ್ ಮಿನಿಟ್ ಕಲರ್ ಕೊಡಿ. ಎಡವೋದು ಕೊನೆಯದರಲ್ಲಿ. ಅಲ್ಲಿ ಬರೀ ಒಂದು ಬಣ್ಣ ಕೊಟ್ಟರೆ ಗಂಟೆ, ನಿಮಿಷ ಎರಡೂ ಚೌಕ ಒಂದೇ ಬಣ್ಣಕ್ಕೆ ತಿರುಗುತ್ತವೆ. ಈಗ ಯಾವುದನ್ನು ಬದಲಿಸ್ತಿದ್ದೇವೆ ಅನ್ನೋದೇ ಗೊತ್ತಾಗಲ್ಲ. ‘ವಿಜೆಟ್ ಸ್ಟೇಟ್ ಕಲರ್’ನ ‘ರಿಸಾಲ್ವ್ ವಿತ್’ ಬಳಸಿ, ಆಯ್ಕೆಯಾದಾಗ ಒಂದು, ಇಲ್ಲದಾಗ ಇನ್ನೊಂದು ಬಣ್ಣ ಕೊಡಿ.

ಅಂತರದ ವಿಷಯಕ್ಕೆ ಬಂದರೆ, ಆ ಡಯಲ್‌ಗೆ ನಿಮಿಷದ ಅಂತರ ಹೇಳುವ ಪ್ಯಾರಾಮೀಟರೇ ಇಲ್ಲ. ಮುಟ್ಟಿದರೆ 5ರ ಲೆಕ್ಕದಲ್ಲಿ ನಿಲ್ಲುತ್ತೆ, ಮುಳ್ಳನ್ನು ಎಳೆದರೆ ಒಂದೊಂದೇ ನಿಮಿಷ ಸರಿಯುತ್ತೆ. ಕೀಬೋರ್ಡ್ ಐಕಾನ್ ಒತ್ತಿದವರು ಏನು ಬೇಕಾದರೂ ಟೈಪ್ ಮಾಡಬಹುದು. ‘ಇನಿಷಿಯಲ್ ಎಂಟ್ರಿ ಮೋಡ್’ಗೆ ‘ಡಯಲ್ ಓನ್ಲಿ’ ಕೊಟ್ಟರೆ ಆ ಐಕಾನ್ ಹೋಗುತ್ತೆ, ಅಷ್ಟೇ. ಎಳೆಯೋದನ್ನು ಅದು ತಡೆಯಲ್ಲ.

ಪ್ರಶ್ನೆ: ಬಂದ ಸಮಯವನ್ನು ನಾವೇ ಹತ್ತಿರದ 15ಕ್ಕೆ ಸರಿಮಾಡಿಕೊಂಡರೆ?

ಉತ್ತರ: ಮಾಡಬಹುದು, ಆದರೆ ನಿಮಿಷವನ್ನು ಮಾತ್ರ ಹಿಡಿದು ಲೆಕ್ಕ ಹಾಕಬೇಡಿ. 10:53ನ್ನು ಹಾಗೆ ಮಾಡಿದರೆ ನಿಮಿಷ 60 ಆಗುತ್ತೆ, ಅಂಥ ಸಮಯವೇ ಇಲ್ಲ. ಗಂಟೆಯನ್ನು 60ರಿಂದ ಗುಣಿಸಿ ನಿಮಿಷ ಕೂಡಿಸಿ, 15ರಿಂದ ಭಾಗಿಸಿ ಪೂರ್ಣಾಂಕಕ್ಕೆ ತನ್ನಿ, ಮತ್ತೆ 15ರಿಂದ ಗುಣಿಸಿ, ಆಮೇಲೆ ಗಂಟೆ-ನಿಮಿಷ ಬೇರೆ ಮಾಡಿ. 653 ನಿಮಿಷ ಆಗ 660 ಆಗಿ 11:00 ಸಿಗುತ್ತೆ. ಆದರೂ ನನಗೆ ಈ ದಾರಿ ಹಿಡಿಸಲ್ಲ. ರೋಗಿ 10:53 ಒತ್ತಿ, ಪರದೆ ಮೇಲೆ 11:00 ಕಂಡರೆ ಆ್ಯಪ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಇನ್ನೊಬ್ಬರ ಉತ್ತರ: ಚಕ್ರ ತಿರುಗಿಸುವ ಮಾದರಿ ಆಗಬಹುದಾದರೆ ಐಫೋನ್ ಶೈಲಿಯ ‘ಕುಪರ್ಟಿನೊ ಡೇಟ್ ಪಿಕರ್’ ನೋಡಿ. ಆಂಡ್ರಾಯ್ಡ್‌ನಲ್ಲೂ ನಡೆಯುತ್ತೆ. ಮೋಡ್ ‘ಟೈಮ್’, ‘ಮಿನಿಟ್ ಇಂಟರ್ವಲ್’ 15. ಈ ಅಂತರ 60ನ್ನು ಶೇಷವಿಲ್ಲದೆ ಭಾಗಿಸಬೇಕು. 25 ಕೊಟ್ಟರೆ ಒಪ್ಪಲ್ಲ. ಶುರುವಿನ ಸಮಯದ ನಿಮಿಷವೂ 15ರ ಗುಣಕವೇ ಆಗಿರಬೇಕು. ಬಹಳ ಜನ ಅಲ್ಲಿ ನೇರವಾಗಿ ‘ಡೇಟ್‌ಟೈಮ್ ನೌ’ (ಈ ಕ್ಷಣದ ಸಮಯ) ಹಾಕುತ್ತಾರೆ, ಡೀಬಗ್‌ನಲ್ಲಿ (ಪರೀಕ್ಷೆಗೆ ಓಡಿಸುವಾಗ) ತಪ್ಪು ತೋರಿಸುವ ಕೆಂಪು ಪರದೆ ಬರುತ್ತೆ. 10:30ಕ್ಕೆ ಟೆಸ್ಟ್ ಮಾಡಿದವರಿಗೆ ಸರಿಯಾಗಿ ಕಂಡು, 10:31ಕ್ಕೆ ಕೈಕೊಡುವ ತಪ್ಪು ಇದು.

ಎತ್ತರಕ್ಕೆ ‘ಸೈಜ್ಡ್ ಬಾಕ್ಸ್’ನಲ್ಲಿ 216 ಕೊಡಿ. ಚಕ್ರ ಮುಟ್ಟದೆ ನೇರ ‘ಸರಿ’ ಒತ್ತಿದರೆ ‘ಆನ್ ಡೇಟ್‌ಟೈಮ್ ಚೇಂಜ್ಡ್’ (ಸಮಯ ಬದಲಾಯಿತು ಅನ್ನುವ ಸೂಚನೆ) ಒಮ್ಮೆಯೂ ಬರಲ್ಲ. ಶುರುವಿನ ಬೆಲೆಯನ್ನು ಮೊದಲೇ ವೇರಿಯಬಲ್‌ನಲ್ಲಿ ಇಟ್ಟಿರಿ. ಮಿನಿಮಮ್, ಮ್ಯಾಕ್ಸಿಮಮ್ ಡೇಟ್ ಕೊಡೋದಾದರೆ ಅವೆರಡೂ ಶುರುವಿನ ಸಮಯದ ದಿನಾಂಕವನ್ನೇ ಹೊಂದಿರಲಿ. ಟೈಮ್ ಮೋಡ್‌ನಲ್ಲಿ ದಿನಾಂಕ ಕಾಣಲ್ಲ, ಆದರೆ ಹೋಲಿಕೆ ದಿನಾಂಕ ಸೇರಿಸಿಯೇ ನಡೆಯುತ್ತೆ.

ಉತ್ತರ (ಮೊದಲಿನವರು): ಇದೆಲ್ಲ ಸರಿ, ಆದರೆ ಮಿತಿ ಅನ್ನೋದು ಶುರು, ಕೊನೆ ಎರಡೇ. 1ರಿಂದ 4ರವರೆಗಿನ ತೂತನ್ನು ಅದರಲ್ಲಿ ಹೇಳಲಾಗದು, ಈಗಾಗಲೇ ಬುಕ್ ಆದ 10:45ನ್ನೂ ಮುಚ್ಚಲಾಗದು. ಅಲಾರ್ಮ್ ಇಡೋಕೆ ಪಿಕರ್ ಬೇಕು, ಯಾಕೆಂದರೆ ಅಲ್ಲಿ 1440 ನಿಮಿಷದಲ್ಲಿ ಯಾವುದಾದರೂ ಆಗಬಹುದು. ನಿಮ್ಮಲ್ಲಿ ಇರೋದು ಬೆಳಿಗ್ಗೆ ಪಾಳಿಗೆ 14, ಸಂಜೆಗೆ 14, ಒಟ್ಟು 28. ಅಷ್ಟನ್ನೂ ಕಣ್ಣಮುಂದೆ ಹರವಿಬಿಡಿ.

‘ವ್ರ್ಯಾಪ್’ (ಸಾಲು ತುಂಬಿದರೆ ಮುಂದಿನ ಸಾಲಿಗೆ ಇಳಿಸುವ ಜೋಡಣೆ) ಒಳಗೆ ‘ಚಾಯ್ಸ್ ಚಿಪ್’ (ಒತ್ತಿ ಆರಿಸುವ ಪುಟ್ಟ ಗುಂಡಿ) ಜೋಡಿಸಿ. ಭರ್ತಿಯಾದ ಸಮಯಕ್ಕೆ ‘ಆನ್ ಸೆಲೆಕ್ಟೆಡ್’ (ಒತ್ತಿದಾಗ ಏನಾಗಬೇಕು ಅನ್ನೋದು) ನಲ್, ಅಂದರೆ ಖಾಲಿ, ಕೊಟ್ಟರೆ ಅದು ತಾನೇ ಮಂಕಾಗುತ್ತೆ. ಮುಟ್ಟುವ ಜಾಗ 48 ಡಿಪಿಗಿಂತ (ಪರದೆಯ ಅಳತೆಯ ಮಾನ) ಕಡಿಮೆ ಮಾಡಬೇಡಿ, ಹಲ್ಲುನೋವಿನವರು ಒಂದೇ ಕೈಯಲ್ಲಿ ಒತ್ತುತ್ತಿರುತ್ತಾರೆ. ಕೊನೆಯ ಚಿಪ್ 12:45 ಮತ್ತು 7:15. 1:00, 7:30 ಹಾಕಿದರೆ ಡಾಕ್ಟರ್ ಊಟಕ್ಕೆ ಏಳುವಾಗ ಒಬ್ಬರು ಬಂದು ಕೂರುತ್ತಾರೆ. ಒಂದೇ ಚಿಪ್ ಅನ್ನು ಇಬ್ಬರು ಒಟ್ಟಿಗೆ ಒತ್ತಿದರೆ ಯಾರಿಗೆ ಅನ್ನೋದನ್ನು ಸರ್ವರ್ ತೀರ್ಮಾನಿಸಬೇಕು, ಆ್ಯಪ್ ಅಲ್ಲ.

ಪ್ರಶ್ನೆ: ಕನ್ನಡದಲ್ಲಿ ಎಎಂ, ಪಿಎಂ ಬದಲು ಏನು ಹಾಕೋದು ಸರ್?

ಉತ್ತರ: ಚಿಪ್‌ಗಳ ಇನ್ನೊಂದು ಲಾಭ ಇಲ್ಲೇ ಇದೆ. ಪಿಕರ್‌ನಲ್ಲಿ ಇದಕ್ಕೆ ಇರೋದು ಎರಡೇ ಚೌಕ. ಪೂರ್ವಾಹ್ನ, ಅಪರಾಹ್ನ ಅಂತ ಮಾತಾಡುವಾಗ ಯಾರೂ ಹೇಳಲ್ಲ, ‘ಸಂಜೆ 12:30’ ಅಂದರೆ ನಗುತ್ತಾರೆ. ಬೆಳಿಗ್ಗೆ (9:30ರಿಂದ 11:45, 10 ಚಿಪ್), ಮಧ್ಯಾಹ್ನ (4), ಸಂಜೆ (14) ಅಂತ ಮೂರು ತಲೆಬರಹ ಕೊಡಿ. ತಲೆಬರಹದ ಟೆಕ್ಸ್ಟ್ ಸ್ಟೈಲ್‌ನಲ್ಲಿ ‘ಹೈಟ್’ (ಸಾಲಿನ ಎತ್ತರ) 1.4ರ ಆಸುಪಾಸು ಇರಲಿ. 1.0 ಇಟ್ಟು ಎತ್ತರ ಬಿಗಿದ ಡಬ್ಬದಲ್ಲಿ ಹಾಕಿದರೆ ‘ಮಧ್ಯಾಹ್ನ’ದ ಒತ್ತು ಕೆಳಗೆ ಕತ್ತರಿಸಿ ಹೋಗಬಹುದು.

ಪ್ರಶ್ನೆ: ದುಬೈನಲ್ಲಿರುವ ಮಗಳು ಮೈಸೂರಿನ ಅಮ್ಮನಿಗೆ ಸಂಜೆ 4ಕ್ಕೆ ಬುಕ್ ಮಾಡಿದರೆ ಕ್ಲಿನಿಕ್‌ನಲ್ಲಿ 5:30 ಅಂತ ಬರ್ತಿದೆ. ಯಾಕೆ?

ಉತ್ತರ: ಬರೀ ಗಂಟೆ, ನಿಮಿಷ ಇಡುವ ‘ಟೈಮ್ ಆಫ್ ಡೇ’ಗೆ ಟೈಮ್ ಝೋನ್ ಇಲ್ಲ. ನೀವು ಅದನ್ನು ಫೋನಿನ ಸ್ಥಳೀಯ ಡೇಟ್‌ಟೈಮ್ ಮಾಡಿ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಬದಲಿಸಿದ್ದೀರಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿಯ 4 ನಮಗೆ 5:30. ಹಾಗಂತ ಯುಟಿಸಿಗೆ ಬದಲಿಸೋದನ್ನೇ ಬಿಟ್ಟು ಸ್ಥಳೀಯ ಡೇಟ್‌ಟೈಮ್ ಅನ್ನೇ ಐಎಸ್‌ಒ ಸ್ಟ್ರಿಂಗ್ (ದಿನಾಂಕ, ಸಮಯ ಬರೆಯುವ ಪ್ರಮಾಣಿತ ರೂಪ) ಮಾಡಿ ಕಳಿಸಬೇಡಿ. ಅದರಲ್ಲಿ ಝೋನ್ ಗುರುತು ಇರಲ್ಲ, ಸರ್ವರ್ ಅದನ್ನು ಯುಟಿಸಿ ಅಂದುಕೊಂಡರೆ ಸಂಜೆ 4 ರಾತ್ರಿ 9:30 ಆಗುತ್ತೆ. ಆರಿಸಿದ ದಿನಾಂಕ, ಗಂಟೆ, ನಿಮಿಷವನ್ನು ‘ಡೇಟ್‌ಟೈಮ್ ಯುಟಿಸಿ’ಗೆ ಕೊಟ್ಟು ಅದರಿಂದ 5 ಗಂಟೆ 30 ನಿಮಿಷ ಕಳೆಯಿರಿ. ಭಾರತದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ, ಹಾಗಾಗಿ ಈ ಸ್ಥಿರ ಸಂಖ್ಯೆ ಸಾಕು. ತೋರಿಸುವಾಗಲೂ ಅಷ್ಟನ್ನೇ ಕೂಡಿಸಿ, ಚಿಪ್‌ಗಳ ಮೇಲೆ ‘ಭಾರತದ ಸಮಯ’ ಅಂತ ಒಂದು ಸಾಲು ಬರೆದಿಡಿ.