2009ರ ವ್ಯಾಗನ್ ಆರ್ ಮುಂದಿನ ಶಾಕಪ್ ಮನ್ಯಾಗ ಬದಲಿ ಮಾಡಬಹುದೇನ್ರಿ?

ನವನಗರ_ಗಾಡಿ (ಬಾಗಲಕೋಟೆ)

ನಮಸ್ಕಾರ್ರೀ ಎಲ್ಲಾರ್ಗೂ. ನಮ್ಮಪ್ಪನ ವ್ಯಾಗನ್ ಆರ್ ಐತಿ, 2009ರದು, 1,18,000 ಕಿಲೋಮೀಟರ್ ಓಡೇತಿ. ಐದಾರು ತಿಂಗಳಾತು ಮುಂದಿನ ಎಡಗಡೆ ಗಾಲಿ ಕಡೆಯಿಂದ ಧಡ್ ಧಡ್ ಅಂತ ಸಪ್ಪಳ ಬರಾಕತ್ತೇತಿ, ಸಣ್ಣ ತೆಗ್ಗಿಗೂ ಗುದ್ದತೈತಿ, ಹಂಪ್ ಇಳಿದ ಮ್ಯಾಲ ಮೂರ್ನಾಕ ಸಲ ಮುಖ ಎತ್ತಿ ಇಳಿಸಿ ಮಾಡತೈತಿ. ಕಬ್ಬಿನ ಸೀಜನ್ನಾಗ ಟ್ರ್ಯಾಕ್ಟರ್ ಟ್ರಾಲಿ ಓಡ್ಯಾಡಿ ಮುಧೋಳ ಕಡೆ ರೋಡ್ ಹೆಂಗ ಆಗಿರತಾವ ನಿಮಗೆಲ್ಲಾ ಗೊತ್ತ ಐತಿ, ನಮ್ಮವ್ವಗ ಬೆನ್ನು ನೋವು, ವಾರಕ್ಕೊಮ್ಮೆ ಜಮಖಂಡಿ ದವಾಖಾನಿಗೆ ಕರಕೊಂಡು ಹೋಗಬೇಕು, ಪ್ರತಿ ಗುದ್ದಿಗೂ ಆಕಿ ಸೀಟ್ ಹಿಡಕೊಂಡು ಕಣ್ಣು ಮುಚ್ಚೋದು ನೋಡಿದ್ರ ನನಗ ತಡಿಯೋದಾಗವಲ್ದು.

ಗಾಲಿ ಸಂದಿಯಾಗ ಬಗ್ಗಿ ನೋಡಿದ್ರ ಎಡಗಡೆ ಶಾಕಪ್ ಮೈ ತುಂಬ ಎಣ್ಣಿ, ಅದರ ಮ್ಯಾಲ ಧೂಳ ಕೂತು ಕರಿ ಮುದ್ದಿ ಆಗೇತಿ. ಬಲಗಡೇದು ಒಣಾ ಐತಿ. ಗ್ಯಾರೇಜಿನಾಗ ಎಲ್ಲಾ ಸೇರಿ 8,500 ಹೇಳ್ಯಾರ, ಸದ್ಯಕ್ಕ ಅಷ್ಟು ಆಗಂಗಿಲ್ಲ. ಬೈಕಿನ ಕೆಲಸ ಎಲ್ಲಾ ನಾನ ಮಾಡಕೋತೀನಿ, ಈ ಕಾರಿನ ಬ್ರೇಕ್ ಪ್ಯಾಡೂ ಎರಡು ಸಲ ನಾನ ಹಾಕೇನಿ. ಕೇಳೋದು ಏನಂದ್ರ, ಎಡಗಡೇದು ಒಂದ ಬದಲಿ ಮಾಡಿದ್ರ ನಡೀತೈತೇನು? ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಸಾಮಾನು) ಇಲ್ಲದ ಆಗತೈತೇನು? ನನ್ನ ಹತ್ರ ಗಾಡಿ ಜತಿಗೆ ಬಂದ ಜ್ಯಾಕ್ ಐತಿ, ಮನಿ ಕಟ್ಟಿಸಿದಾಗ ಉಳಿದ ಸಿಮೆಂಟ್ ಬ್ಲಾಕ್ ಅದಾವ.

ಉದ್ಯಮಬಾಗ_ಫಿಟ್ಟರ್ (ಬೆಳಗಾವಿ)

ಮೊದಲ ಆ ಸಿಮೆಂಟ್ ಬ್ಲಾಕ್ ವಿಷಯ. ದಯವಿಟ್ಟು ಅದರ ಮ್ಯಾಲ ಗಾಡಿ ನಿಲ್ಲಸಬ್ಯಾಡ್ರಿ. ಗ್ವಾಡಿಯಾಗ ಇದ್ದಾಗ ಭಾರ ಎಲ್ಲಾ ಕಡೆ ಹಂಚಿ ಹೋಗತೈತಿ, ಜ್ಯಾಕಿನ ಜಾಗಾದಾಗ ಒಂದ ಕಡೆ ಒತ್ತು ಬಿದ್ರ ಬ್ಲಾಕ್ ಸುಳಿವು ಕೊಡದ ಒಡದ ಬಿಡತೈತಿ. ಗಾಡಿ ಜ್ಯಾಕ್ ಪಂಚರ್ ಸಲುವಾಗಿ ಕೊಟ್ಟಿದ್ದು, ಅದರ ಮ್ಯಾಲಷ್ಟ ನಂಬಿ ಕೈ ಒಳಗ ಹಾಕಬಾರದು. ಎರಡು ಜ್ಯಾಕ್ ಸ್ಟ್ಯಾಂಡ್ ತಗೋರಿ ಇಲ್ಲಾ ಯಾರದರ ಹತ್ರ ಕೇಳಿ ತರ್ರಿ, ಸಪಾಟ ಕಾಂಕ್ರೀಟ್ ನೆಲಾ ಬೇಕು, ಹಿಂದಿನ ಗಾಲಿಗೆ ಎರಡೂ ಕಡೆ ಕಟಿಗಿ ಗುಟ್ಟ ಕೊಡ್ರಿ, ಹ್ಯಾಂಡ್ ಬ್ರೇಕ್ ಎಳಿರಿ, ಬಿಚ್ಚಿದ ಗಾಲಿನೂ ಗಾಡಿ ಕೆಳಗ ಅಡ್ಡ ಮಲಗಸ್ರಿ.

ಒಂದ ಕಡೆ ಬದಲಿ ಮಾಡೋದು ಬ್ಯಾಡ. ಇಷ್ಟು ಓಡಿದ ಮ್ಯಾಲ ಬಲಗಡೇದು ಹೊರಗ ಒಣಾ ಕಂಡ್ರೂ ಒಳಗ ಶಕ್ತಿ ಕಳಕೊಂಡಿರತೈತಿ, ಒಂದು ಹೊಸಾದು ಒಂದು ಹಳೇದು ಆದ್ರ ಜೋರ್ ಬ್ರೇಕ್ ಹಿಡದಾಗ, ತಿರುವಿನಾಗ ಗಾಡಿ ಎರಡೂ ಕಡೆ ಒಂದ ನಮೂನಿ ಕೂಡೂದಿಲ್ಲ. ಎಡಾ ಬಲಾ ಬ್ಯಾರೆ ಬ್ಯಾರೆ ಬರತಾವ, ಬ್ರೇಕ್ ಪೈಪ್ ಹಿಡಿಯೋ ಪಟ್ಟಿ ಒಂದಕ್ಕೊಂದು ಉಲ್ಟಾ ಇರತೈತಿ, ಅಂಗಡಿಯಾಗ ಎರಡೂ ಒಂದ ಕಡೇವು ಕೊಟ್ಟಾರೇನು ಅಂತ ಅಲ್ಲೇ ನೋಡಕೊಳ್ರಿ. ಜತಿಗೆ ಮ್ಯಾಲಿನ ರಬ್ಬರ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಶಾಕಪ್ ಪೂರಾ ಒತ್ತಿದಾಗ ಗುದ್ದು ತಡಿಯೋದು), ಡಸ್ಟ್ ಕವರ್ ತಗೋರಿ. ಒಮ್ಮೆ ಬಿಚ್ಚಿದ ಮ್ಯಾಲ ಹಳೇ ಮೌಂಟ್ ಹಾಕಿ ಮುಚ್ಚಿದ್ರ ಮುಂದಿನ ಮಳಿಗಾಲಕ್ಕ ಮತ್ತ ಅದನ್ನ ಬಿಚ್ಚಬೇಕಾಗತೈತಿ.

ಕೆಲಸ ಅಂದ್ರ ಹಿಂಗ. ಬಾನೆಟ್ ತಗದು ಮ್ಯಾಲ ಟವರಿನಾಗಿನ (ಶಾಕಪ್ಪಿನ ಮ್ಯಾಲಿನ ತುದಿ ಕೂಡೋ ಜಾಗ) ಸುತ್ತಲಿನ ನಟ್ಟು ಬರೇ ಸಡಿಲ ಮಾಡ್ರಿ. ನಡಬರಕ ಇರೋ ದೊಡ್ಡ ನಟ್ಟು ಮುಟ್ಟಬ್ಯಾಡ್ರಿ, ಅದು ಸ್ಪ್ರಿಂಗಿನ ಜುಟ್ಟು ಹಿಡಕೊಂಡಿರೋ ನಟ್ಟು. ಕೆಳಗ ಬ್ರೇಕ್ ಪೈಪ್ ಬರೇ ಅದರ ಪಟ್ಟಿಯಿಂದ ಬಿಡಸ್ರಿ, ಎಬಿಎಸ್ ವೈರ್ ಇದ್ರ ಅದನ್ನೂ, ಆಮ್ಯಾಲ ಗಾಲಿ ಕೂಡೋ ಕಬ್ಬಿಣದ ತುಂಡಿಗೆ, ಅಂದ್ರ ನಕಲ್‌ಗೆ ಸ್ಟ್ರಟ್ (ಶಾಕಪ್, ಸ್ಪ್ರಿಂಗ್ ಎರಡೂ ಕೂಡಿದ್ದು) ಹಿಡಿದ ಎರಡು ದಪ್ಪನ್ನ ಬೋಲ್ಟ್. ಬಿಚ್ಚೋಕಿಂತ ಮೊದಲ ಬೋಲ್ಟ್ ತಲಿ ಸುತ್ತ ಬಿಳಿ ಪೇಂಟ್ ಗೆರಿ ಹೊಡಿರಿ, ತೂತಿನಾಗ ಸಣ್ಣ ಆಟ ಇರತೈತಿ, ಅಲ್ಲಿ ಸರದಷ್ಟು ಗಾಲಿ ವಾಲತೈತಿ.

ಇಲ್ಲೊಂದು ಮಾತ. ಇದು ಮ್ಯಾಕ್‌ಫರ್ಸನ್ ಸ್ಟ್ರಟ್, 1940ರ ದಶಕದಾಗ ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಇಂಜಿನಿಯರ್ ಮಾಡಿದ ಡಿಸೈನು, ಗಾಲಿನ ಗಾಡಿಗೆ ಹಿಡಿಯೋ ಮ್ಯಾಲಿನ ಆರ್ಮ್ ಅನ್ನೋದ ಇರಂಗಿಲ್ಲ, ಗಾಲಿ ನೆಟ್ಟಗ ನಿಲ್ಲಸೋದೂ ಇದ, ಸ್ಟೇರಿಂಗ್ ತಿರುಗೋದೂ ಇದರ ಮ್ಯಾಲ. ಹಂಗಾಗಿ ಆ ಎರಡು ಬೋಲ್ಟ್ ತಗದ ಕೂಡ್ಲೆ ಡಿಸ್ಕ್ ಸಮೇತ ಇಡೀ ನಕಲ್ ಹೊರಗ ಬಾಗತೈತಿ, ಬ್ರೇಕ್ ಪೈಪಿನ ಮ್ಯಾಲ ಭಾರ ಬೀಳತೈತಿ, ಹಂಗ ಬಿಟ್ರ ಆಕ್ಸಲ್ ಒಳಗಿನ ಜಾಯಿಂಟ್ ಕಳಚಿಕೋತೈತಿ. ತಂತಿ ತಗೊಂಡು ನಕಲ್ ಮ್ಯಾಲಕ್ಕ ಕಟ್ಟಿ ನಿಲ್ಲಸ್ರಿ, ಆಮ್ಯಾಲ ಒಬ್ರು ಕೆಳಗ ಸ್ಟ್ರಟ್ ಹಿಡೀಲಿ, ಇನ್ನೊಬ್ರು ಮ್ಯಾಲಿನ ನಟ್ಟು ಪೂರಾ ತಗೀಲಿ.

ಎರಿಹೊಲ (ವಿಜಯಪುರ)

ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಆಗತದೇನು ಅಂತ ಕೇಳೀರಿ ನೋಡ್ರಿ, ಅದಕ್ಕ ನಾ ಬರೀಲಿಕ್ಕತ್ತೀನಿ. ಆಗೂದಿಲ್ಲ. ನಾ ನಾಕ ವರ್ಷದ ಹಿಂದ ನನ್ನ ಹಳೇ ಆಲ್ಟೋಕ್ಕ ಇದ ಕೆಲಸ ಮಾಡ್ಲಿಕ್ಕೆ ಹೋಗಿದ್ದೆ, ದಪ್ಪ ತಂತಿ ನಾಕ ಕಡೆ ಸುತ್ತಿ ಕಟ್ಟಿ ನಡುವಿನ ನಟ್ಟು ಬಿಚ್ಚಿದೆ, ಕಡೀ ಎರಡು ಎಳಿ ಇದ್ದಾಗ ತಂತಿ ಹರೀತು. ಮೌಂಟ್ ಹಾರಿ ಪತ್ರಾಸ್ ಶೆಡ್ಡಿನ ಚಾವಣಿಗೆ ಬಡದು ಡೊಗರು ಬಿತ್ತು, ಸ್ಪ್ರಿಂಗ್ ನನ್ನ ಎಡಗೈ ಮ್ಯಾಲ ಬಂತು, ಎರಡು ಬೆರಳು ಮುರದೂ. ಒಂದು ಇನ್ನೂ ಪೂರಾ ಮಡಚೂದಿಲ್ಲ. ನನ್ನ ಮಗ ಆರು ವರ್ಷದಾಂವ, ಐದ ನಿಮಿಷದ ಹಿಂದ ಅಲ್ಲೇ ಬಗ್ಗಿ ನೋಡಕೋತ ನಿಂತಿದ್ದ, ನೀರು ತರ್ಲಿಕ್ಕೆ ಒಳಗ ಹೋಗಿದ್ದ. ಅದು ನೆನಪಾದ್ರ ಇವತ್ತಿಗೂ ನಿದ್ದಿ ಬರೂದಿಲ್ಲ ನನಗ.

ಗಾಲಿ ಮ್ಯಾಲೆತ್ತಿದ್ರೂ ಸ್ಪ್ರಿಂಗ್ ಪೂರಾ ಸಡಿಲ ಆಗಿರೂದಿಲ್ಲ, ಒತ್ತೇ ಇಟ್ಟಿರತಾರ. ನಿಂತ ಗಾಡಿಯೊಳಗ ಮುಂದಿನ ಒಂದೊಂದು ಸ್ಪ್ರಿಂಗ್ ಎರಡು ಕ್ವಿಂಟಲ್ ಮ್ಯಾಲ ಭಾರ ಹೊತ್ತಿರತದ, ಅಂಥಾದ್ದು ಕೈಯಾಗ ಬಿಚ್ಚಿಕೊಂಡ್ರ ಏನಾಗತದ ಅಂತ ನೀವ ವಿಚಾರ ಮಾಡ್ರಿ.

ನನ್ನ ಮಾತ ಕೇಳೂದಿದ್ರ ಹಿಂಗ ಮಾಡ್ರಿ. ಸ್ಟ್ರಟ್ ಪೂರಾ ಸ್ಪ್ರಿಂಗ್ ಸಮೇತ ಮನ್ಯಾಗ ಇಳಸ್ರಿ, ಅದಕ್ಕೇನೂ ಅಪಾಯ ಇಲ್ಲ, ಎರಡೂ ಚೀಲದಾಗ ಹಾಕ್ಕೊಂಡು ಸ್ಪ್ರಿಂಗ್ ಒತ್ತೋ, ಗ್ವಾಡಿಗೆ ಕೂಡಿಸಿದ ಪ್ರೆಸ್ ಇರೋ ಗ್ಯಾರೇಜಿಗೆ ಒಯ್ರಿ, ಹಳೇ ಸ್ಪ್ರಿಂಗ್ ಹೊಸಾ ಶಾಕಪ್ಪಿಗೆ ಹಾಕಿ ಕೊಡ್ಲಿಕ್ಕೆ ನಮ್ಮಲ್ಲಿ ಜೋಡಿಗೆ 400 ತಗೊಂಡ್ರು ಆಮ್ಯಾಲ. ಬಂದು ಮನ್ಯಾಗ ಏರಸ್ರಿ. ಲೇಬರಿನ ದೊಡ್ಡ ಪಾಲು ಉಳೀತದ, ಕೈನೂ ಉಳೀತಾವ.

ಉದ್ಯಮಬಾಗ_ಫಿಟ್ಟರ್ (ಬೆಳಗಾವಿ)

ಎರಿಹೊಲ ಅವರು ಹೇಳಿದ್ದ ಸರಿ, ನಾನೂ ಅದನ್ನ ಹೇಳತೀನಿ. ಸ್ವಂತ ಕಂಪ್ರೆಸರ್ ತಗೊಂಡ ಮಾಡವ್ರು ಇದ್ರ ಅವರಿಗೆ ಎರಡ ಮಾತು, ಕೊಕ್ಕಿ ಎರಡೂ ಎದುರಾಬದುರಾ ಇರಬೇಕು, ಸ್ಕ್ರೂಗೆ ಗ್ರೀಸ್ ಹಚ್ಚಿ ಆ ಕಡೆ ಎರಡ ಸುತ್ತು ಈ ಕಡೆ ಎರಡ ಸುತ್ತು ಅಂತ ಕೈ ಪಾನಾದಿಂದ ತಿರಗಸಬೇಕು, ಇಂಪ್ಯಾಕ್ಟ್ ಗನ್ ಹಚ್ಚಬಾರದು, ಸ್ಪ್ರಿಂಗಿನ ತುದಿ ಮೈ ಕಡೆ ಮಾಡಕೊಂಡು ಕೂಡಬಾರದು.

ಗ್ಯಾರೇಜಿನಾಗ ಮಾಡಿಸಿದ್ರೂ ಪಕ್ಕದಾಗ ನಿಂತು ಮೂರು ನೋಡ್ರಿ. ಹೊಸಾ ಶಾಕಪ್ ನೆಟ್ಟಗ ನಿಲ್ಲಿಸಿ ರಾಡ್ ಐದಾರು ಸಲ ಪೂರಾ ಎಳದು ಒತ್ತಬೇಕು, ಅಂಗಡಿಯಾಗ ಅಡ್ಡ ಮಲಗಿರತಾವಲ್ಲ, ಒಳಗ ಗಾಳಿ ಸೇರಿರತೈತಿ. ನಟ್ಟು ಬಿಗಿ ಮಾಡುವಾಗ ಹೊಳಿಯೋ ರಾಡಿಗೆ ಪಕ್ಕಡ ಹಚ್ಚಗೊಡಬ್ಯಾಡ್ರಿ, ಒಂದ ಗೀರು ಬಿದ್ರ ಸೀಲ್ ಹರದು ಎಣ್ಣಿ ಸೋರಾಕ ಚಾಲೂ. ಸ್ಪ್ರಿಂಗಿನ ಕೆಳಗಿನ ತುದಿ ತಟ್ಟಿಯೊಳಗಿನ ಮೆಟ್ಟಲಿಗೆ ಹತ್ತಿ ಕೂತಿರಬೇಕು, ಇಲ್ಲಂದ್ರ ಮೊದಲ ತೆಗ್ಗಿಗೇ ಠಕ್ ಅಂತ ಜಾರತೈತಿ.

ಖಾನಾಪುರ_ಮಳಿ (ಬೆಳಗಾವಿ)

ನಮ್ಮ ಕಡೆ ಮಳಿ ಜಾಸ್ತಿ, ಚೋರ್ಲಾ ಘಾಟ್ ದಾರಿಗೆ ಓಡೋ ಗಾಡಿ ನಂದು, ಆ ನಕಲ್ ಬೋಲ್ಟ್ ಎರಡೂ ತುಕ್ಕು ಹಿಡದು ಕಬ್ಬಿಣಕ್ಕ ಕಬ್ಬಿಣ ಬೆಸದಂಗ ಆಗಿದ್ವು. ಹಿಂದಿನ ದಿನಾ ಸಂಜಿಗೆ ವೈರ್ ಬ್ರಷ್ ಹಾಕಿ ತಿಕ್ಕಿ ಜಂಗ್ ಬಿಡಸೋ ಎಣ್ಣಿ ಹೊಡದು ಬಿಡ್ರಿ, ಮುಂಜಾನೆ ಮತ್ತೊಮ್ಮೆ ಹೊಡಿರಿ. ನಟ್ಟು ತಿರಗಸ್ರಿ, ಬೋಲ್ಟ್ ತಲಿ ಹಿಡಕೊಂಡಿರ್ರಿ, ಬೋಲ್ಟ್ ತಿರಗಸಿದ್ರ ಅದರ ಕುತಗಿಗೆ ಹಲ್ಲು ಇದ್ರ ಕಿತ್ತು ಹೋಗತಾವ. ನಟ್ಟು ಹೊಸಾವ ಹಾಕ್ರಿ.

ಮತ್ತ ರೊಕ್ಕಾ ಖರ್ಚು ಮಾಡೋಕಿಂತ ಮೊದಲ ಸಪ್ಪಳ ನಿಜವಾಗೂ ಶಾಕಪ್ಪಿಂದ ಏನು ಅಂತ ನೋಡ್ರಿ, ಕೆಳಗಿನ ಆರ್ಮಿನ ಬುಷ್, ಬಾಲ್ ಜಾಯಿಂಟ್ ಹೋದ್ರೂ ಹಿಂಗ ಧಡ್ ಧಡ್ ಅಂತೈತಿ. ಗಾಲಿ ಎತ್ತಿ ಮ್ಯಾಲ ಕೆಳಗ ಹಿಡದು ಅಲಗಾಡಸ್ರಿ, ಟಾಮಿ (ಕಬ್ಬಿಣದ ಸಲಾಕಿ) ಹಾಕಿ ಆರ್ಮ್ ಎಬ್ಬಿಸಿ ನೋಡ್ರಿ. ನಿಂತಲ್ಲೇ ಸ್ಟೇರಿಂಗ್ ತಿರುವಿದಾಗ ಟಂಗ್ ಅಂತ ಸ್ಪ್ರಿಂಗ್ ಜಿಗದಂಗ ಆದ್ರ ಅದು ಮ್ಯಾಲಿನ ಬೇರಿಂಗ್. ನಿಮ್ಮದು ಎಣ್ಣಿ ಸೋರಿ ಮುಖಾನೂ ತೂಗತೈತಿ ಅಂದ್ರ ಶಾಕಪ್ ಅಂತೂ ಹೋಗೇತಿ, ಆದ್ರ ಅದಷ್ಟ ಅಲ್ಲದಿರಬಹುದು.

ನವನಗರ_ಗಾಡಿ (ಬಾಗಲಕೋಟೆ)

ಎಲ್ಲಾರಿಗೂ ಭಾಳ ಉಪಕಾರ ಆತ್ರಿ, ವಿಶೇಷ ಎರಿಹೊಲ ಅವರಿಗೆ, ನಿಮ್ಮ ಬರಹ ನಮ್ಮ ತಮ್ಮಗೂ ಓದಿ ಹೇಳಿದೆ. ನಾನೂ ತಂತಿ ಕಟ್ಟಿ ಮಾಡೋಣಂತ ಮನಸಿನಾಗ ಇಟ್ಟಕೊಂಡ ಕೇಳಿದ್ದೆ.

ಕಳೆದ ಐತವಾರ ಕೆಲಸ ಮುಗೀತು. ಸ್ಟ್ಯಾಂಡ್ ನಮ್ಮ ಓಣಿಯವರ ಹತ್ರ ಸಿಕ್ವು. ಮುಂಜಾನೆ ಏಳಕ್ಕ ಶುರು ಮಾಡಿದ್ವಿ ಬಿಸಲು ಏರೋದ್ರಾಗ ಮುಗಸೋಣಂತ, ಎಡಗಡೆ ಕೆಳಗಿನ ಬೋಲ್ಟ್ ಒಂದಕ್ಕ ಒಂದೂವರಿ ತಾಸು ಹೋತು, ಪಾನಾಕ್ಕ ಪೈಪ್ ಸಿಗಸಿ ನಾನೂ ತಮ್ಮನೂ ಇಬ್ರೂ ಜಗ್ಗಿದ ಮ್ಯಾಲ ಬಂತು. ಬಲಗಡೆ ನಲವತ್ತ ನಿಮಿಷದಾಗ ಇಳೀತು. ಪ್ರೆಸ್ ಇರೋ ಗ್ಯಾರೇಜ್ ನವನಗರದಾಗ ಸಿಕ್ತು, 500 ತಗೊಂಡ್ರು. ಬಲಗಡೆ ಒಣಾ ಐತಿ ಅಂದಿದ್ನಲ್ಲ, ಬಿಚ್ಚಿ ಕೈಲೆ ಒತ್ತಿದ್ರ ರಾಡ್ ಸರಾಗ ಒಳಗ ಹೋತು, ಮ್ಯಾಲಕ್ಕ ಬರಲೇ ಇಲ್ಲ. ಎಡಗಡೆ ಬಂಪ್ ಸ್ಟಾಪ್ ಅಂತೂ ಮುಟ್ಟಿದ್ರ ಒಣಾ ರೊಟ್ಟಿ ಪುಡಿ ಆದಂಗ ಉದುರಿ ಬಿತ್ತು.

ಶಾಕಪ್ ಜೋಡಿ, ಮೌಂಟ್ ಸಾಮಾನು, ಪ್ರೆಸ್, ಅಲೈನ್‌ಮೆಂಟ್ ಎಲ್ಲಾ ಹಿಡದು 5,900 ಆತು. ಗೆರಿಗೆ ಗೆರಿ ಕೂಡಿಸಿ ಬೋಲ್ಟ್ ಬಿಗದಿದ್ರೂ ಅಲೈನ್‌ಮೆಂಟಿನಾಗ ಟೋ (ಗಾಲಿ ಮುಂದ ಒಳಗ ಇಲ್ಲಾ ಹೊರಗ ತಿರಗಿರೋ ಕೋನ) ಸರದಿತ್ತು, ಅದನ್ನ ಬಿಟ್ಟಿದ್ರ ಟೈರ್ ತಿಂತಿತ್ತು. 100 ಕಿಲೋಮೀಟರ್ ಓಡಿಸಿ ಎಲ್ಲಾ ನಟ್ಟು ಮತ್ತ ಪಾನಾ ಹಚ್ಚಿ ನೋಡೇನಿ, ಒಂದೂ ಸಡಿಲ ಇಲ್ಲ.

ಮಂಗಳವಾರ ಅವ್ವನ್ನ ಕರಕೊಂಡು ಜಮಖಂಡಿಗೆ ಹೋಗಿ ಬಂದ್ವಿ. ಮುಧೋಳ ದಾಟಿದ ಮ್ಯಾಲ ಹಿಂದ ನೋಡಿದ್ರ ನಿದ್ದಿ ಹತ್ತಿತ್ತು ಆಕಿಗೆ. ಈಗ ಮುಂದಿನ ಸಪ್ಪಳ ಹೋಗಿ ಹಿಂದಿಂದು ಕೇಳಾಕತ್ತೇತಿ, ಬಲಗಡೆ ಹಿಂದ ಕಟ್ ಕಟ್ ಅಂತ, ತೆಗ್ಗು ಬಿದ್ದಾಗ ಅಷ್ಟ. ಹಿಂದಿನ ಶಾಕಪ್ಪಿನ ಕೆಳಗಿನ ಬುಷ್ ಇರಬಹುದೇನ್ರಿ? ಫೋಟೋ ತಗದು ನಾಳೆ ಹಾಕತೀನಿ.