ಮಳೆಗಾಲದಲ್ಲಿ ಕೆಲಸ ಹಿಂದೆ ಬಿದ್ದರೆ ತಂಡಕ್ಕೆ ಜನರನ್ನು ಸೇರಿಸಬೇಕೆ?

ಪ್ರಶ್ನೆ (ಶಿವಮೊಗ್ಗ):

ನಮಸ್ಕಾರ. ಆರು ಜನ ಪ್ರೋಗ್ರಾಮರ್‌ಗಳ ತಂಡವೊಂದನ್ನು ನಾನು ಶಿವಮೊಗ್ಗದಿಂದ ನೋಡಿಕೊಳ್ಳುತ್ತಿದ್ದೇನೆ. ಅವರಲ್ಲಿ ಮೂವರು ತೀರ್ಥಹಳ್ಳಿ, ಹೊಸನಗರದ ಕಡೆಯ ತಮ್ಮ ಮನೆಗಳಿಂದಲೇ ಕೆಲಸ ಮಾಡುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಕರೆಂಟೂ ಇಂಟರ್ನೆಟ್ಟೂ ಪದೇ ಪದೇ ಹೋಗುತ್ತಿರುವುದರಿಂದ ಬೆಳಗಿನ ವಿಡಿಯೊ ಸಭೆಗೆ ಎಲ್ಲರೂ ಸಿಗುವುದೇ ಅಪರೂಪವಾಗಿದೆ. ಒಬ್ಬರು ಬರೆದ ಕೋಡ್ ಇನ್ನೊಬ್ಬರ ರಿವ್ಯೂಗಾಗಿ, ಅಂದರೆ ಓದಿ ಪರಿಶೀಲಿಸುವುದಕ್ಕಾಗಿ, ದಿನಗಟ್ಟಲೆ ಕಾಯುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಮ್ಯಾನೇಜರ್ ಇನ್ನೂ ಇಬ್ಬರನ್ನು ಕೊಡುತ್ತೇನೆ, ಒಪ್ಪಿಕೊಂಡ ದಿನಕ್ಕೇ ಮುಗಿಸಿ ಎನ್ನುತ್ತಿದ್ದಾರೆ. ಇದಕ್ಕೆ ಒಪ್ಪಬಹುದೇ? ಮನೆಯಿಂದ ಕೆಲಸ ಮಾಡುವವರನ್ನು ಶಿವಮೊಗ್ಗಕ್ಕೆ ಕರೆಸಿಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ವಯಸ್ಸಾದ ತಂದೆ ತಾಯಿಯನ್ನೂ ಅಡಿಕೆ ತೋಟವನ್ನೂ ನೋಡಿಕೊಳ್ಳಬೇಕೆಂದೇ ಅವರು ಊರಿಗೆ ಮರಳಿದವರು.

ಉತ್ತರ (ಸಾಗರ):

ದಯವಿಟ್ಟು ಈಗ ಒಪ್ಪಬೇಡಿ. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು, ಐಬಿಎಂ ಕಂಪನಿಯ ಒಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಯೋಜನೆಯನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಹೊಸಬರಿಗೆ ಕೋಡಿನ ಪರಿಚಯ ಮಾಡಿಸಬೇಕಾದವರು ಅದನ್ನು ಬಲ್ಲ ಹಳಬರೇ ಆದ್ದರಿಂದ, ಅಷ್ಟು ಕಾಲ ಅವರ ಸ್ವಂತ ಕೆಲಸ ಕುಂಟುತ್ತದೆ. ಇದರ ಜೊತೆಗೆ, ಆರು ಜನರಲ್ಲಿ ಇಬ್ಬಿಬ್ಬರ ನಡುವೆ ಮಾತುಕತೆ ನಡೆಯಬಹುದಾದ ಜೋಡಿಗಳು 15 ಇದ್ದರೆ, ಎಂಟು ಜನರಾದಾಗ ಅವು 28 ಆಗುತ್ತವೆ. ನಿಮ್ಮಲ್ಲಿ ಈಗಿರುವ 15ಕ್ಕೇ ನೆಟ್‌ವರ್ಕ್ ಸಾಲುತ್ತಿಲ್ಲ. ಮ್ಯಾನೇಜರ್ ಅವರ ಬಳಿ ಜನರ ಬದಲು, ಈ ಬಿಡುಗಡೆಯಿಂದ ಯಾವ ಭಾಗವನ್ನು ಕೈಬಿಡಬಹುದು ಎಂಬುದನ್ನು ಕೇಳಿ.

ಉತ್ತರ (ಕೊಪ್ಪ):

ಸಾಗರದವರ ಮಾತನ್ನು ಒಪ್ಪುತ್ತೇನೆ, ಆದರೆ ನಿಮ್ಮ ತಡಕ್ಕೆ ನಿಜವಾದ ಕಾರಣ ರಿವ್ಯೂಗಾಗಿ ಕಾಯುವುದು ಎಂದು ನನಗೆ ತೋರುತ್ತದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನವನ್ನು ರೂಪಿಸಿದ್ದು, ಬೇರೆ ಬೇರೆ ದೇಶಗಳಲ್ಲಿದ್ದು ಒಂದೇ ಹೊತ್ತಿಗೆ ಸೇರಲಾಗದ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಡೆವಲಪರ್‌ಗಳಿಗಾಗಿ. ಪ್ರತಿಯೊಬ್ಬರ ಪ್ರತಿಯಲ್ಲೂ ಕೋಡಿನ ಪೂರ್ಣ ಇತಿಹಾಸವಿರುವುದರಿಂದ ಕಮಿಟ್ ಮಾಡಲು (ಬದಲಾವಣೆಯನ್ನು ದಾಖಲಿಸಲು), ಬ್ರಾಂಚ್ ತೆರೆಯಲು (ಕೋಡಿನ ಪ್ರತ್ಯೇಕ ಕವಲು ಮಾಡಿಕೊಳ್ಳಲು), ಹಳೆಯ ಬದಲಾವಣೆಗಳನ್ನು ಹೋಲಿಸಿ ನೋಡಲು ಇಂಟರ್ನೆಟ್ ಬೇಕಿಲ್ಲ. ಕಳುಹಿಸುವಾಗ ಮತ್ತು ತರಿಸಿಕೊಳ್ಳುವಾಗ ಮಾತ್ರ ಬೇಕು. ಬದಲಾವಣೆಗಳನ್ನು ಚಿಕ್ಕದಾಗಿಡಿ, ಲೈನ್ ಬಂದ ಸ್ವಲ್ಪ ಹೊತ್ತಿನಲ್ಲೇ ತರಿಸಿಕೊಂಡು ಆಮೇಲೆ ನಿಧಾನವಾಗಿ ಓದುವಂತಿರಲಿ. ಬೆಳಗಿನ ಸಭೆಯ ಬದಲು ಏನು ಮುಗಿಯಿತು, ಎಲ್ಲಿ ತಡೆಯಿದೆ, ಯಾರ ಉತ್ತರ ಬೇಕು ಎಂಬುದನ್ನು ಪ್ರತಿಯೊಬ್ಬರೂ ಬರೆದು ಹಾಕಲಿ. ಒಂದೊಂದು ಭಾಗವನ್ನೂ ರಿವ್ಯೂ ಮಾಡಬಲ್ಲವರು ಕನಿಷ್ಠ ಇಬ್ಬರಿರಬೇಕು, ಮತ್ತು ಅವರಿಬ್ಬರೂ ಒಂದೇ ಊರಿನವರಾಗಿರಬಾರದು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ತನಗೆ ತಿಳಿಯದ್ದನ್ನು ಎಲ್ಲರೆದುರು ಬರೆಯಲು ಹಿಂಜರಿಯುತ್ತಾಳೆ. ಅವಳು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಎಂಬುದು ಸಭೆಯಲ್ಲಿ ಮುಖ ನೋಡಿದಾಗ ಮಾತ್ರ ನನಗೆ ತಿಳಿಯುತ್ತಿತ್ತು.

ಉತ್ತರ (ಕೊಪ್ಪ):

ಅವಳ ವಿಷಯದಲ್ಲಿ ಬರವಣಿಗೆಯೊಂದನ್ನೇ ನಂಬಬೇಡಿ. ತಂಡದ ಹಿರಿಯರೊಬ್ಬರು ದಿನಕ್ಕೊಮ್ಮೆ ಅವಳಿಗೆ ಸಾಮಾನ್ಯ ಫೋನ್ ಕರೆ ಮಾಡಿ, ಆ ದಿನ ಬರೆದ ಕೋಡನ್ನು ಅವಳ ಬಾಯಿಂದಲೇ ವಿವರಿಸಲು ಹೇಳಲಿ. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಸಹಾಯ ಬೇಕಿದೆ ಎಂದು ತಿಳಿಯುತ್ತದೆ. ನೀವೂ ನಿಮಗೆ ಅರ್ಥವಾಗದ್ದನ್ನು ಗುಂಪಿನಲ್ಲಿ ಮೊದಲು ಕೇಳಲು ಆರಂಭಿಸಿ, ಏಕೆಂದರೆ ಮುಂದಾಳು ಕೇಳದ ತಂಡದಲ್ಲಿ ಕಿರಿಯರು ಬಾಯಿ ಬಿಡುವುದಿಲ್ಲ.