‘ಓಲ್ಡ್-ಫ್ಯಾಶನ್ಡ್’: ಸಿಲೆಬಲ್ ಮೂರೋ, ನಾಲ್ಕೋ?

ಪ್ರಶ್ನೆ (ಶಿರಸಿಯಿಂದ): ಅಕ್ಕೋರೇ, ಒಂಬತ್ತನೆಯ ತರಗತಿಯಲ್ಲಿರುವ ಮಗಳು ‘ಓಲ್ಡ್-ಫ್ಯಾಶನ್ಡ್’ ಎಂಬ ಇಂಗ್ಲಿಷ್ ವಿಶೇಷಣವನ್ನು ಓಲ್ಡ್, ಫ್ಯಾ, ಶನ್, ಎಡ್ ಎಂದು ನಾಲ್ಕು ಸಿಲೆಬಲ್‌ಗಳಾಗಿ (ಉಚ್ಚಾರದ ತುಂಡುಗಳಾಗಿ) ಬಿಡಿಸಿದ್ದಳು. ಉತ್ತರಪತ್ರಿಕೆಯಲ್ಲಿ ಕೆಂಪು ಗೀಟು ಬಿದ್ದಿದೆ. ಕೊನೆಯಲ್ಲಿ ‘ಎಡ್’ ಇದೆಯಲ್ಲ?

ಉತ್ತರ (ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಕಾರವಾರ): ಕಣ್ಣಿಗೆ ಇದೆ, ಕಿವಿಗೆ ಇಲ್ಲ. ನಿಮ್ಮ ಊರಿನ ಹೆಸರನ್ನು ಬರೆಯುವಾಗ ಶಿರಸಿ. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಕೂಗುವುದು ‘ಶಿರ್ಸಿ, ಶಿರ್ಸಿ’. ಬರಹದಲ್ಲಿ ಮೂರು, ಬಾಯಲ್ಲಿ ಎರಡು. ಸಿಲೆಬಲ್ ಬಾಯಿಯ ಲೆಕ್ಕ. ‘ಎಡ್’ ಪ್ರತ್ಯಯ ಬೇರೆಯಾಗಿ ಕೇಳಿಸುವುದು ಸಾಮಾನ್ಯವಾಗಿ ಟ್, ಡ್ ಧ್ವನಿಗಳಿಗೆ ಅಂಟಿದಾಗ: ‘ಕೈಂಡ್-ಹಾರ್ಟೆಡ್’ನಲ್ಲಿ ಮೂರು, ‘ಆಬ್ಸೆಂಟ್-ಮೈಂಡೆಡ್’ನಲ್ಲಿ ನಾಲ್ಕು. ‘ಫ್ಯಾಶನ್’ ಮುಗಿಯುವುದು ನ್‌ನಲ್ಲಿ. ಹಾಗಾಗಿ ಡ್ ಅದರ ಬಾಲಕ್ಕೆ ಅಂಟಿಕೊಂಡುಬಿಡುತ್ತದೆ. (‘ಥ್ರೀ-ಲೆಗ್ಡ್’ ಅನ್ನು ‘ಲೆಗಿಡ್’ ಎನ್ನುವವರೂ ಇದ್ದಾರೆ. ಇಂಗ್ಲಿಷ್ ನಿಯಮಕ್ಕೊಂದು ಹಠಮಾರಿ ಕೂಸು ಇದ್ದೇ ಇರುತ್ತದೆ.)

ಮಗಳು ಎಡವಿದ್ದಕ್ಕೆ ಇನ್ನೊಂದು ಕಾರಣವಿದೆ. ಈ ಪದದಲ್ಲಿ ಸಿಲೆಬಲ್‌ಗಳೂ ಮೂರು, ಅರ್ಥದ ತುಂಡುಗಳೂ ಮೂರು. ಆದರೆ ಕತ್ತರಿ ಬೀಳುವ ಜಾಗ ಬೇರೆ. ಧ್ವನಿಯಲ್ಲಿ ಓಲ್ಡ್, ಫ್ಯಾಶ್, ಅನ್ಡ್. ರಚನೆಯಲ್ಲಿ ಓಲ್ಡ್, ಫ್ಯಾಶನ್, ಎಡ್. ಅವಳು ಒಂದೇ ಪದದ ಮೇಲೆ ಎರಡೂ ಕತ್ತರಿ ಆಡಿಸಿದ್ದಾಳೆ. ‘ಶ್’ ಹಿಂದಿನದಕ್ಕೆ ಸೇರುವುದನ್ನು ನೋಡಿ ಗಾಬರಿಯಾಗಬೇಡಿ. ಇಂಗ್ಲಿಷ್ ನಿಘಂಟುಗಳು ಹಾಗೆಯೇ ಒಡೆಯುತ್ತವೆ. ನಮ್ಮ ಕೈ ‘ಫ್ಯಾ-ಶ’ ಎಂದು ಒಡೆಯುವುದು ಕನ್ನಡ ಲಿಪಿಯ ಅಭ್ಯಾಸ.

ಪ್ರಶ್ನೆ (ಕುಮಟಾದಿಂದ): ಈ ‘ಎಡ್’ ಭೂತಕಾಲದ್ದೇ ತಾನೇ, ಮೇಡಂ?

ಉತ್ತರ: ಅಲ್ಲ. ಯಾರೂ ಇಲ್ಲಿ ಏನನ್ನೂ ಮಾಡಿ ಮುಗಿಸಿಲ್ಲ. ಕನ್ನಡದ ‘ಹಳೆಕಾಲದ’ ನೋಡಿ: ‘ಕಾಲದ’ ಎಂಬುದಕ್ಕೆ ‘ಹಳೆ’ಯನ್ನು ತಗುಲಿಸಿದ್ದಲ್ಲ, ‘ಹಳೆಕಾಲ’ ಎಂಬ ಇಡೀ ಜೋಡಿಗೆ ‘ದ’ ಬಂದಿದೆ. ಹಾಗೆಯೇ ‘ಓಲ್ಡ್ ಫ್ಯಾಶನ್’ ಎಂಬ ಜೋಡಿಗೆ ‘ಎಡ್’. ‘ಬ್ಲೂ-ಐಡ್’ ಅಂದರೆ ನೀಲಿ ಕಣ್ಣಿರುವವನು. ನಮ್ಮ ಮುಕ್ಕಣ್ಣನೂ ಇದೇ ಮನೆತನದವನು, ಮೂರು ಕಣ್ಣುಳ್ಳವನು, ಬಹುವ್ರೀಹಿ. ಅವನಿಗೆ ‘ಎಡ್’ನ ಹಂಗಿಲ್ಲ ಅಷ್ಟೇ.

ಪ್ರಶ್ನೆ (ಅಂಕೋಲಾದಿಂದ): ನನ್ನದು ಮುದ್ರಣದ ಕೆಲಸ. ಸಾಲಿನ ಕೊನೆಯಲ್ಲಿ ಈ ಪದ ಹಿಡಿಸದಿದ್ದರೆ ಎಲ್ಲಿ ಒಡೆಯಲಿ?

ಉತ್ತರ: ಈಗಾಗಲೇ ಇರುವ ಅಡ್ಡಗೆರೆಯಲ್ಲೇ. ‘ಓಲ್ಡ್-’ ಮೇಲಿನ ಸಾಲಿನಲ್ಲಿ ಉಳಿಯಲಿ, ಉಳಿದದ್ದು ಕೆಳಗಿಳಿಯಲಿ. ಎರಡನೆಯ ಗೆರೆ ಹಾಕಬೇಡಿ.